ಮೂರು ಮುಕ್ಕಾಲು

ನಮ್ಮ ಹೊಳೆಆಲೂರ ಸಾಲ್ಯಾಗ ಸಿಗ್ನಲ್ಲು ಸಿಗೂದು ಒಂದ ಜಾಗಾದಾಗ:
ನೀರಿನ ಟಾಕಿ ಮಗ್ಗಲ, ಬೇವಿನ ಬೊಡ್ಡಿ ಹತ್ತರ.
ಅಲ್ಲೇ ಅಡಿಗಿ ಮಾಬೂಬಿ ಪಾತ್ರಿ ತಿಕ್ಕತಾಳ.
ಹಿಂಗಾಗಿ ಗುರುವಾರಕ್ಕೊಮ್ಮೆ
ರಟ್ಟಿಹಳ್ಳಿ ಸಾಲಿ ನಮ್ಮ ಅಂಗಳಕ್ಕ ಬರತೈತಿ
ನನ್ನ ಫೋನಿನ ಒಡಕು ಗಾಜಿನ್ಯಾಗ,
ಬೂದಿ ಹತ್ತಿದ ಬೋಗುಣಿಗೆ ಆತು ಕೂತು.

ಅವರಿಗೆ ಎರಡು ವರ್ಷಾತು, ವಿಜ್ಞಾನಕ್ಕ ಮಾಸ್ತರಿಲ್ಲ.
ನಮಗ ಗಣಿತಕ್ಕಿಲ್ಲ.
ನಾನು ಅವರಿಗೆ ಬೆಳಕು ಹೇಳತೀನಿ,
ಅಲ್ಲಿಂದ ಪುಟ್ಟವೀರಪ್ಪ ಮಾಸ್ತರು ನಮಗ ಭಾಗಾಕಾರ.
ಹೆಪ್ಪಿಗೆ ಒಂದು ಚಮಚ ಮೊಸರು
ಮಗ್ಗಲಮನ್ಯಾಗ ಕೇಳಿದಂಗ, ಅಷ್ಟ.
ಕೊಟ್ಟವರ ಗಡಿಗಿ ಬರಿದಾಗಿದ್ದು ಯಾರು ಕಂಡಾರ?

ಸಂಕ್ರಾಂತಿ ಕಳದು ಆರನೇ ದಿನ.
ಒಂದು ಮೀಟರ್ ಕೋಲು ಮಲಪ್ರಭಾ ಕಡೆ,
ಒಂದು ಮೀಟರ್ ಕೋಲು ಕುಮುದ್ವತಿ ಕಡೆ.
ನೂಲಿಗೆ ಕೀಲಿಕೈ ಕಟ್ಟಿ ಇಳಿಬಿಟ್ಟು
ನೆಟ್ಟಗದಾವೋ ಇಲ್ಲೋ ನೋಡಿದ್ವಿ.
ಗಡಿಯಾರದ ಹನ್ನೆರಡು ಸೂರ್ಯನ ಹನ್ನೆರಡಲ್ಲ,
ಅದನ್ನ ಹುಡುಗರಿಗೆ ಹೇಳಿದ್ದೆ,
ಹೊಟ್ಟಿಗೆ ಹೇಳಿರಲಿಲ್ಲ.
ಊಟದ ಗಂಟಿ ಆಗಿ, ಸಾರು ಆರಿ, ಮಾಬೂಬಿ ಬೈಯಾಕತ್ತಿದ್ಲು.
ಯಮನೂರ ಎರಡೆರಡು ನಿಮಿಷಕ್ಕ ಬಳಪದ ಗೆರಿ ಹಾಕಿದ.
ನೆರಳು ಗಿಡ್ಡಾಗತಾ ಗಿಡ್ಡಾಗತಾ ಬಂದು
ಹನ್ನೆರಡು ನಲವತ್ತಕ್ಕ ಉಸುರು ಹಿಡದಂಗ ನಿಂತು
ಮತ್ತ ಉದ್ದಾಗಾಕ ಹತ್ತಿತು.

'ಎಪ್ಪತ್ತೆರಡೂವರಿ!' ಯಮನೂರ ಒದರಿದ.
ಆ ಕಡೆಯಿಂದ, 'ಅರವತ್ತೆಂಟು ಮುಕ್ಕಾಲು.'

'ನಿಮ್ಮ ಕೋಲು ಸೊಟ್ಟ ಐತಿ.'
'ನಿಮ್ಮ ನೆಲಾನ ಇಳಕಲ.'
'ನಿಮ್ಮ ಟೇಪು ಟೇಲರ್ ಅಂಗಡಿದು, ಜಗ್ಗೇತಿ.'
'ನಿಮಗ ಮುಕ್ಕಾಲು ಬರಿಯಾಕ ಬರತೈತೇನಲೇ?'

ಉತ್ತರ ನನ್ನ ನಾಲಿಗಿ ಮ್ಯಾಲೆ ಸುಡೂ ಬೆಲ್ಲ.
ಉಗಳಿದ್ರ ಪಾಠ ಮುಗೀತಿತ್ತು. ನುಂಗಿದೆ.
ಮರುದಿನ ಅಳದ್ವಿ. ಅದರ ಮರುದಿನಾನೂ.
ನೆರಳು ಕೂದಲೆಳಿ ಸರದಿತ್ತು ಇಲ್ಲಿ, ಅಷ್ಟ ಅಲ್ಲಿ,
ನಡುವಿನ ಮೂರು ಮುಕ್ಕಾಲು ಮಾತ್ರ
ಹಠಮಾರಿ ಕೂಸಿನಂಗ ಕೂತಲ್ಲೇ ಕೂತಿತ್ತು.

ಆಗ ರಟ್ಟಿಹಳ್ಳಿ ಹಿಂದಿನ ಸಾಲಿನಿಂದ ಒಂದು ದನಿ.
ಇಷ್ಟು ಗುರುವಾರ ಅಕಿದು ಬರೇ ಕೆಂಪು ರಿಬ್ಬನ್ನು ಕಂಡಿತ್ತು,
ಮಾರಿ ಅಲ್ಲ.
'ಎರಡೂ ಖರೇ ಇದ್ರ ಏನಾಗತೈತ್ರಿ?'

ಯಾರೂ ಮಿಸುಕಲಿಲ್ಲ.
ಸಿಗ್ನಲ್ಲು ಹೋತೋ, ಎಲ್ಲಾರೂ ವಿಚಾರ ಮಾಡಾಕತ್ಯಾರೋ
ನನಗ ತಿಳೀಲಿಲ್ಲ.

ಯಮನೂರ ಎದ್ದ.
ಮಾಬೂಬಿ ಕೈಯಾಗಿನ ಬೋಗುಣಿ ಕಸಗೊಂಡು ಬೋರಲ ಹಾಕಿದ,
ತಿಕ್ಕೂ ಹುಣಸಿಹಣ್ಣು ಎರಡು ಚೂರು ಅಂಟಿಸಿ
ಎರಡು ಕಡ್ಡಿಪೆಟ್ಟಿಗಿ ಕಡ್ಡಿ ನೆಟ್ಟ,
ಒಂದು ನೆತ್ತಿ ಮ್ಯಾಲೆ, ಒಂದು ಇಳಕಲಿಗೆ.
ಬಿಸಲಿಗೆ ಹಿಡದ.
ಒಂದು ನೆರಳು ಗಿಡ್ಡ. ಒಂದು ಉದ್ದ.
ಫೋನಿಗೆ ತೋರಿಸಿದ. ಬಾಯಿಲೆ ಏನೂ ಹೇಳಲಿಲ್ಲ.
'ಹೌದಲ್ಲೋ,' ಅಂದಳು ಮಾಬೂಬಿ,
'ಇಷ್ಟು ವರ್ಷ ಇದನ್ನ ತಿಕ್ಕೇನಿ.'

ಒಂದ ಸಾಲಿ ನೂರು ವರ್ಷ ಅಳದ್ರೂ
ಕೋಲಿನ ನೆರಳಷ್ಟ ಸಿಗತಿತ್ತು.

ಮುಂದಿಂದು ಪುಟ್ಟವೀರಪ್ಪ ಮಾಸ್ತರ ಪಾಳಿ.
ಕೋನಮಾಪಕ ಇಟ್ಟು, ಮುನ್ನೂರರವತ್ತಕ್ಕ ಗುಣಿಸಿ,
ಅಲ್ಲೊಂದು ಹಲಗಿ ಇಲ್ಲೊಂದು ಹಲಗಿ ತುಂಬಿ
ಭೂಮಿ ಸುತ್ತಳತಿ ತಗದ್ವಿ.
ಊರೂರಿನ ದೂರಕ್ಕ ಬಸ್ಸಿನ ಕಿಲೋಮೀಟರ್ ಹಾಕಿದ್ವಿ.
ಬಸ್ಸೋ ಹುಬ್ಬಳ್ಳಿ ಸುತ್ತಿ ಬರತೈತಿ,
ಹಿಂಗಾಗಿ ನಮ್ಮ ಭೂಮಿ
ಪುಸ್ತಕದ ಭೂಮಿಗಿಂತ ಭಾಳ ದಪ್ಪ.
ಇರಲಿ, ಗುರುವಾರ ಬರತೈತಲ್ಲ,
ನಕಾಶೆ ಮ್ಯಾಲೆ ನೂಲು ಹಿಡದು ಸೊರಗಸೂಣು.

ಮಾರನೇ ದಿನ ಹಾಜರಿ ಕರದು ಪುಸ್ತಕ ಮುಚ್ಚಿದೆ.
ಯಮನೂರ ನಿಂತ ಇದ್ದ.
'ಯಾಕೋ?'
'ಗುತ್ತೆವ್ವನ ಹೆಸರು ಕರೀಲಿಲ್ರಿ.'